ಸಾಕ್ಷ್ಯವಿಲ್ಲದ ಶಿಕ್ಷೆ ಸಮಾಜವಾದಿಯ ಬೇಡಿಕೆಯಲ್ಲ

ಈ ಸಲದ ಮೇ ದಿನ ನಮ್ಮ ಕಛೇರಿಯಲ್ಲಿ ಷಿಕಾಗೋ ಹುತಾತ್ಮರಿಗೆ ಗೌರವ ಸಲ್ಲಿಸಿದೆವು. ಘೋಷಣೆಗಳಾದವು, ಭಾಷಣಗಳಾದವು. ಆಮೇಲೆ ಚಹಾ ಕುಡಿಯುತ್ತ ಕುಳಿತಾಗ ಮಾತು ಅದೇ ಅಮೆರಿಕದ ಇನ್ನೊಂದು ಮೊಕದ್ದಮೆಗೆ ತಿರುಗಿತು. ಮಗಳನ್ನು ಕೊಂದಳೆಂಬ ಆಪಾದನೆ ಹೊತ್ತ ಕೇಸಿ ಆಂಥೊನಿ ಎಂಬ ತಾಯಿಯನ್ನು 2011ರಲ್ಲಿ ಫ್ಲಾರಿಡಾದ ಜ್ಯೂರಿ ಬಿಟ್ಟುಬಿಟ್ಟಿತು. ಆ ಕುರಿತ ಚಿತ್ರವನ್ನು ನಮ್ಮವರೊಬ್ಬರು ನೋಡಿ ಬಂದಿದ್ದರು. "ಆ ಹನ್ನೆರಡು ಜನರನ್ನು ನಡುಬೀದಿಯಲ್ಲಿ ನಿಲ್ಲಿಸಿ ಕೇಳಬೇಕಿತ್ತು" ಎಂದರು ಒಬ್ಬ ತರುಣ ಸಂಗಾತಿ. ಕುಳಿತವರೆಲ್ಲ ತಲೆದೂಗಿದರು. ಗಂಟೆಯ ಹಿಂದೆ ಷಿಕಾಗೋ ಹುತಾತ್ಮರಿಗೆ ಜೈಕಾರ ಕೂಗಿದ ಬಾಯಿಗಳೇ ಇವು! ಎರಡು ಮಾತೂ ಒಂದೇ ಬಾಯಲ್ಲಿ ಹೇಗೆ ನಿಂತಾವು?

ಮೊದಲು ಫ್ಲಾರಿಡಾದ ಸಂಗತಿಯನ್ನು ನೋಡೋಣ. 2008ರ ಜೂನ್‌ನಲ್ಲಿ ಎರಡು ವರ್ಷದ ಕೂಸು ಕಾಣೆಯಾಯಿತು. ಮೂವತ್ತೊಂದು ದಿನ ಆ ತಾಯಿ ಯಾರಿಗೂ ದೂರು ಕೊಡಲಿಲ್ಲ. ಕೇಳಿದ ಪೋಲೀಸರಿಗೆ ಸುಳ್ಳಿನ ಮೇಲೆ ಸುಳ್ಳು ಹೇಳಿದಳು. ಡಿಸೆಂಬರಿನಲ್ಲಿ ಮನೆಯ ಹತ್ತಿರದ ಪೊದೆಗಳ ನಡುವೆ ಮಗುವಿನ ಮೂಳೆಗಳು ಸಿಕ್ಕಿದವು. ಕೇಳಿದವರ ಕರುಳು ಕಿವುಚುತ್ತದೆ, ನನ್ನದೂ ಕಿವುಚಿತು. ಆದರೆ ಜ್ಯೂರಿಯ ಮುಂದಿದ್ದ ಪ್ರಶ್ನೆ ಕರುಳಿನದಲ್ಲ. ಮಗು ಸತ್ತದ್ದು ಹೇಗೆ? ಇದು ಕೊಲೆಯೇ ಎಂದ ವೈದ್ಯಾಧಿಕಾರಿಗೂ ಹೇಗೆ ಕೊಂದರೆಂದು ಹೇಳಲಾಗಲಿಲ್ಲ. ಯಾವಾಗ, ಎಲ್ಲಿ, ಯಾರ ಕೈಯಿಂದ? ಕಂಡವರಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಕ್ಲೋರೋಫಾರಂ ಬಗ್ಗೆ 84 ಸಲ ಹುಡುಕಲಾಗಿತ್ತೆಂದು ಸರ್ಕಾರಿ ಕಡೆಯವರು ಸಾರಿದರು. ಆ ಲೆಕ್ಕ ತಪ್ಪು, ಹುಡುಕಿದ್ದು ಒಂದೇ ಸಲ ಎಂದು ಲೆಕ್ಕ ತೆಗೆಯುವ ಯಂತ್ರಕ್ರಮವನ್ನು ರಚಿಸಿದವನೇ ಒಪ್ಪಿಕೊಂಡ. ಇಂಥ ಆಧಾರದ ಮೇಲೆ ಸರ್ಕಾರ ಕೇಳುತ್ತಿದ್ದದ್ದು ಮರಣದಂಡನೆ!

2011ರ ಜುಲೈ 5ರಂದು ಜ್ಯೂರಿ ತೀರ್ಪು ಕೊಟ್ಟಿತು: ಪೋಲೀಸರಿಗೆ ಸುಳ್ಳು ಹೇಳಿದ್ದು ರುಜುವಾತಾಗಿದೆ, ಕೊಂದದ್ದು ರುಜುವಾತಾಗಿಲ್ಲ. ಆ ತಾಯಿ ನಿರಪರಾಧಿಯೆಂದು ಅವರು ಎಲ್ಲೂ ಹೇಳಲಿಲ್ಲ. ದೇಶಕ್ಕೆ ದೇಶವೇ ಅವರ ಮೇಲೆ ಹರಿಹಾಯಿತು. ನ್ಯಾಯಾಧೀಶರು ಆ ಹನ್ನೆರಡು ಜನರ ಹೆಸರುಗಳನ್ನು ತಿಂಗಳುಗಟ್ಟಲೆ ಗುಟ್ಟಾಗಿ ಇಡಬೇಕಾಯಿತು. ಮೂರು ವರ್ಷ ಟೆಲಿವಿಷನ್ ಕಂಪನಿಗಳು ಆಕೆಯನ್ನು ರಾತ್ರಿ ರಾತ್ರಿ ಗಲ್ಲಿಗೇರಿಸುತ್ತ, ನಡುನಡುವೆ ಜಾಹೀರಾತು ಮಾರುತ್ತ ಬಂದಿದ್ದವು. ಅವರಿಗೆ ತೀರ್ಪು ರುಚಿಸದಿದ್ದರೆ ಆಶ್ಚರ್ಯವಿಲ್ಲ. ಆದರೆ ಸಮಾಜವಾದಿಗಳಾದ ನಾವು ಆ ಮೇಳದಲ್ಲಿ ತಾಳ ಹಾಕುವುದೇ?

ಈಗ ಷಿಕಾಗೋ. 1886ರ ಮೇ 4ರಂದು, ಎಂಟು ಗಂಟೆ ದುಡಿಮೆಯ ಹೋರಾಟದ ದಿನಗಳಲ್ಲಿ, ಹೇಮಾರ್ಕೆಟ್ ಚೌಕದ ಸಭೆಯ ಕೊನೆಯಲ್ಲಿ ಬಾಂಬು ಸಿಡಿಯಿತು. ಪೋಲೀಸರು ಸತ್ತರು. ಎಸೆದವನು ಯಾರೆಂದು ಅಂದೂ ಗೊತ್ತಾಗಲಿಲ್ಲ, ಇಂದೂ ಗೊತ್ತಿಲ್ಲ. ಎಂಟು ಮಂದಿ ಕಾರ್ಮಿಕ ಮುಂದಾಳುಗಳನ್ನು ಹಿಡಿದು ನಿಲ್ಲಿಸಿದರು. ಬಾಂಬು ಸಿಡಿದಾಗ ಅವರಲ್ಲಿ ಹೆಚ್ಚಿನವರು ಸ್ಥಳದಲ್ಲೇ ಇರಲಿಲ್ಲ. ಆದರೆ ಪತ್ರಿಕೆಗಳಿಗೆ ನೇಣು ಬೇಕಿತ್ತು, ಮಾಲೀಕರಿಗೆ ನೇಣು ಬೇಕಿತ್ತು, ಬೀದಿಯೂ ನೇಣು ಎಂದೇ ಕೂಗುತ್ತಿತ್ತು. ಆರೋಪಿಗಳ ಮೇಲೆ ಪೂರ್ವಗ್ರಹವಿದೆಯೆಂದು ತಾವೇ ಒಪ್ಪಿದವರೂ ಜ್ಯೂರಿಯಲ್ಲಿ ಕುಳಿತರು. ಆ ಜ್ಯೂರಿ ಜನಮೆಚ್ಚುವ ತೀರ್ಪನ್ನೇ ಕೊಟ್ಟಿತು: ಏಳು ಜನಕ್ಕೆ ಮರಣ, ಒಬ್ಬನಿಗೆ ಹದಿನೈದು ವರ್ಷ ಸೆರೆ. 1887ರ ನವೆಂಬರ್ 11ರಂದು ನಾಲ್ವರನ್ನು ನೇಣಿಗೇರಿಸಿದರು. ಐದನೆಯವನು ಹಿಂದಿನ ದಿನವೇ ಸೆರೆಮನೆಯಲ್ಲಿ ಸತ್ತಿದ್ದ. 1893ರಲ್ಲಿ ಗವರ್ನರ್ ಆಲ್ಟ್‌ಗೆಲ್ಡ್ ಆ ವಿಚಾರಣೆಯ ಅನ್ಯಾಯವನ್ನು ಬರೆದಿಟ್ಟು, ಬದುಕಿದ್ದ ಮೂವರನ್ನು ಬಿಡಿಸಿದ. ನೇಣಿನಿಂದ ಇಳಿಸಿದವರನ್ನು ಬಿಡಿಸುವುದು ಯಾರಿಂದ ಸಾಧ್ಯ?

ಫ್ಲಾರಿಡಾದ ಹನ್ನೆರಡು ಜನ ತೋರಿದ ಧೈರ್ಯವನ್ನು ಷಿಕಾಗೋದ ಹನ್ನೆರಡು ಜನ ತೋರಿದ್ದರೆ ಆ ಕೊರಳುಗಳು ಉಳಿಯುತ್ತಿದ್ದವು. ಮೇ ದಿನದಂದು ನಾವು ಹೊರುವ ಕೆಂಪು ಬಾವುಟ ಕೇಳುವುದು ಇದನ್ನೇ: ಆಧಾರ ತೋರಿಸು, ಆಮೇಲೆ ಶಿಕ್ಷೆಯ ಮಾತಾಡು.

ಈ ಪಾಠ ನಾನು ಪುಸ್ತಕದಿಂದ ಕಲಿತದ್ದಲ್ಲ. ಮೇಷ್ಟ್ರಾಗಿದ್ದಾಗ ತರಗತಿಯಲ್ಲಿ ಒಬ್ಬನ ಕಂಪಾಸು ಪೆಟ್ಟಿಗೆ ಕಳುವಾಯಿತು. ನಲವತ್ತು ಹುಡುಗರೂ ಒಬ್ಬ ಕೂಲಿಕಾರನ ಮಗನತ್ತ ಕೈ ತೋರಿದರು. ನಾನು ಬೆತ್ತ ಎತ್ತಿದೆ. ಎರಡು ದಿನದ ಮೇಲೆ ಪೆಟ್ಟಿಗೆ ಕಳೆದುಕೊಂಡವನ ಮನೆಯಲ್ಲೇ ಸಿಕ್ಕಿತು. ಆ ಹುಡುಗನ ಅಂಗೈಯ ಬಾಸುಂಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ನನಗಿರಲಿಲ್ಲ.

"ಕೋರ್ಟಿನಿಂದ ಪಾರಾಗುವವರು ಉಳ್ಳವರೇ ಅಲ್ಲವೇ?" ಎಂದು ಕೇಳುತ್ತೀರಿ. ಬಹಳ ಮಟ್ಟಿಗೆ ನಿಜ. ಹಾಗಾದರೆ ಬಡವನಿಗೂ ಒಳ್ಳೆಯ ವಕೀಲ ಸಿಗುವಂತೆ ಹೋರಾಡೋಣ. ರುಜುವಾತಿನ ಕಟ್ಟನ್ನೇ ಸಡಿಲಿಸಿದರೆ ಮೊದಲು ಒಳಗೆ ಬೀಳುವವನು ಗಿರಣಿಯ ಮಾಲೀಕನಲ್ಲ, ಗೇಣಿದಾರ, ಕೂಲಿಯವ, ಕರಪತ್ರ ಹಂಚುವ ನಮ್ಮ ಸಂಗಾತಿ. ಹಾಗೆಂದು ಜ್ಯೂರಿ ಹೇಳಿದ್ದೆಲ್ಲ ವೇದವೆಂದಲ್ಲ. 1955ರಲ್ಲಿ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕರ ನೀಗ್ರೋ ಬಾಲಕನನ್ನು ಕೊಂದವರನ್ನು ಹನ್ನೆರಡು ಮಂದಿ ಬಿಳಿಯರು ಸುಮಾರು ಒಂದು ಗಂಟೆಯಲ್ಲಿ ಬಿಟ್ಟರು. ಪಾರಾದವರು ಮರುವರ್ಷ ಪತ್ರಿಕೆಯೊಂದಕ್ಕೆ ತಾವೇ ಕೊಂದುದಾಗಿ ಹೇಳಿದರು. ಅಲ್ಲಿ ಸಾಕ್ಷಿಗಳು ಜೀವದ ಹಂಗು ತೊರೆದು ಬಂದು ನುಡಿದಿದ್ದರು, ಜ್ಯೂರಿ ಕಣ್ಣು ಮುಚ್ಚಿಕೊಂಡಿತು. ಅದನ್ನು ಧಿಕ್ಕರಿಸಲೇಬೇಕು. ನಮ್ಮ ಅಳತೆಗೋಲು ಸಾಕ್ಷ್ಯವಾಗಿರಲಿ, ಗುಂಪಿನ ಗದ್ದಲವಾಗುವುದು ಬೇಡ.

ಇನ್ನು ನಮ್ಮದೇ ಮನೆಯ ಗಾಯ. ನಮ್ಮಲ್ಲಿ ಈಗ ಜ್ಯೂರಿ ಇಲ್ಲ, ಪ್ರಶ್ನೆ ಮಾತ್ರ ಅದೇ. 2000ದ ಮಾರ್ಚಿ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿವೆ, ಕೊಂದವರಿಲ್ಲ! ಇದನ್ನು ಒಪ್ಪುವುದೆಂದರೆ ಎದೆಯ ಮೇಲೆ ಕಲ್ಲು ಹೊತ್ತಂತೆ. ಆದರೂ ಹೇಳುತ್ತೇನೆ: ಬಾಯಿಬಿಡದ ಸಾಕ್ಷಿಯ ಮೇಲೆ ಯಾರನ್ನೂ ನೇಣಿಗೇರಿಸಿ ಎಂದು ನಾವು ಕೇಳುವಂತಿಲ್ಲ. ಕೇಳಬೇಕಾದದ್ದು ಬೇರೆ. ಸಾಕ್ಷಿ ಹೆದರಿದ್ದು ಯಾರಿಗೆ? ಅವನ ಕೂಲಿ, ಅವನ ನೀರು, ಅವನ ದಾರಿ ಯಾರ ಕೈಯಲ್ಲಿದ್ದವು? ತನಿಖೆ ಮಾಡಿದ ಪೋಲೀಸರು ಏನು ಮಾಡುತ್ತಿದ್ದರು? ಸಾಕ್ಷಿಗಳ ರಕ್ಷಣೆಯ ಯೋಜನೆಯನ್ನು 2018ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸಿತು. ನಮ್ಮ ತಾಲ್ಲೂಕಿನಲ್ಲಿ ಅದರ ಹೆಸರು ಕೇಳಿದ ಕೂಲಿಕಾರ ಒಬ್ಬನಾದರೂ ಇದ್ದಾನೆಯೇ?

ತೀರ್ಪನ್ನು ಒಪ್ಪುವುದೆಂದರೆ ಕೈಕಟ್ಟಿ ಕೂರುವುದಲ್ಲ. ಕೋಪವನ್ನು ಅದು ತಲುಪಬೇಕಾದ ಬಾಗಿಲಿಗೆ ಒಯ್ಯುವುದು. ಸಂಗಾತಿಗಳೇ, ಹಳ್ಳಿಗೆ ನಡೆಯಿರಿ. ಒಬ್ಬ ಸಾಕ್ಷಿಯ ಬೆನ್ನಿಗೆ ನಿಂತು ಅವನು ಹೆದರದೆ ನಿಜ ನುಡಿಯುವಂತೆ ಮಾಡಿರಿ. ನೂರು ಘೋಷಣೆಗಳಿಂದಾಗದ ನ್ಯಾಯ ಅಲ್ಲಿಂದ ಹುಟ್ಟೀತು.