ಎ-ಎನ್, ಬಿ-ಎನ್ ಮತ್ತು ಮಿರಜ್‌ನ ತಂಬೂರಿ

ಕಳೆದ ಭಾನುವಾರ ರಾಯಬಾಗದಿಂದ ಚಿಕ್ಕಪ್ಪನ ಮಗನ ಫೋನ್. ಯಾವಾಗಲೂ ಕ್ರಿಕೆಟ್ ಸ್ಕೋರ್‌ನಿಂದಲೇ ಮಾತು ಶುರು ಮಾಡೋ ಹುಡುಗ ಅವತ್ತು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಅಣ್ಣಾ, ಮ್ಯಾಥ್ಸ್ ಹೋತು. ನನಗ ಗಣಿತ ಬರಂಗಿಲ್ಲ ಅನಸ್ತದ. ಇಂಜಿನಿಯರಿಂಗ್ ಬಿಟ್ಟ ಬಿಡಲೇನು?"

ಇದೇ ಪ್ರಶ್ನೆಯನ್ನ ಹತ್ತು ವರ್ಷದ ಹಿಂದೆ ನಾನೂ ಕೇಳಿಕೊಂಡಿದ್ದೆ.

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಚಿಕ್ಕೋಡಿ ತಾಲೂಕಿನ ಕನ್ನಡ ಶಾಲೆಯಲ್ಲಿ. ಗಣಿತದಲ್ಲಿ ಊರಿಗೇ ಜಾಣ. ಪಿಯುಸಿ ಇಂಗ್ಲಿಷಲ್ಲಿ ಹೇಗೋ ದಾಟಿದೆ. ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ಗೆ ಬಂದಾಗ ಎದುರಾಗಿದ್ದು ಎಂ-ಥ್ರೀ. ಸರ್ ಒಳಗೆ ಬಂದರು, ಬೋರ್ಡಿನ ಕಡೆ ತಿರುಗಿ "ಫೋರಿಯರ್ ಸೀರೀಸ್" ಅಂತ ಬರೆದರು. ಅದರ ಕೆಳಗೆ ಮೂರು ಸೂತ್ರ: ಎ-ಝೀರೋ, ಎ-ಎನ್, ಬಿ-ಎನ್. "ಇದು ಇಂಪಾರ್ಟೆಂಟ್, ಪ್ರತಿ ಸಲ ಬರ್ತದ." ಹಿಂದಿನ ಬೆಂಚಿಂದ ಒಬ್ಬ ಕೇಳಿದ, "ಸರ್, ಇದು ಯಾತಕ್ಕೆ?" ಸರ್ ಹೇಳಿದರು, "ಪರೀಕ್ಷೆಗೆ." ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆ ಸೆಮಿಸ್ಟರ್‌ನಲ್ಲಿ ಮತ್ತೆ ಯಾರೂ 'ಯಾಕೆ' ಅಂತ ಕೇಳಲಿಲ್ಲ.

ಈಗ ಅವರ ಮೇಲೆ ಸಿಟ್ಟಿಲ್ಲ. ನಮಗಿಂತ ನಾಲ್ಕೈದು ವರ್ಷ ದೊಡ್ಡವರು, ದಿನವಿಡೀ ಒಂದರ ಹಿಂದೊಂದು ಕ್ಲಾಸು. ಅವರಿಗೂ ಯಾರೂ 'ಯಾಕೆ' ಅಂತ ಹೇಳಿಕೊಟ್ಟಿರಲಿಲ್ಲವೇನೋ.

ರಿಸಲ್ಟ್ ಬಂತು. 100ಕ್ಕೆ 19. ಎರಡು ವಾರ ಮನೆಯಲ್ಲಿ ಮುಚ್ಚಿಟ್ಟೆ. ಆ ವರ್ಷ ಕಬ್ಬಿನ ಬಿಲ್ಲು ಬರೋದು ತಡವಾಗಿ, ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದರು. ಕೊನೆಗೆ ಹೇಳಿದಾಗ ಅವರು ಬೈಯಲಿಲ್ಲ. "ಎತ್ತು ಒಂದ್ ಸಾಲ ತಪ್ಪಿದ್ರ ಹೊಲಾ ಮಾರ್ತಾರೇನು?" ಅಂದರು, ಅಷ್ಟೇ. ಎರಡನೇ ಸಲವೂ ಹೋಯಿತು. ಮೂರನೇ ಸಲ ಹಳೇ ಪೇಪರ್‌ಗಳ ಲೆಕ್ಕಗಳನ್ನ ಕವಿತೆ ಥರ ಬಾಯಿಪಾಠ ಮಾಡಿ ಪಾಸಾದೆ. ಆ ದಿನ ಖುಷಿಗಿಂತ ನಾಚಿಕೆಯೇ ಜಾಸ್ತಿ ಇತ್ತು. 'ನನಗೆ ಗಣಿತ ಬರಲ್ಲ' ಅನ್ನೋದನ್ನ ರಕ್ತದ ಗುಂಪಿನ ಥರ ನಂಬಿಬಿಟ್ಟಿದ್ದೆ.

ಆ ನಂಬಿಕೆ ಸಡಿಲ ಆಗಿದ್ದು ಕೆಲಸಕ್ಕೆ ಸೇರಿದ ಎಷ್ಟೋ ವರ್ಷದ ಮೇಲೆ, ಅದೂ ಮಿರಜ್‌ನಲ್ಲಿ. ಅಕ್ಕನ ಮನೆ ಕಾಗವಾಡ. ಅಲ್ಲಿಂದ ಗಡಿ ದಾಟಿದರೆ ಮಿರಜ್, ತಂಬೂರಿ-ಸಿತಾರ್ ಮಾಡೋರ ಊರು. ಅಕ್ಕನ ತಂಬೂರಿ ರಿಪೇರಿಗೆ ಜೊತೆಗೆ ಹೋಗಿದ್ದೆ. ಅಂಗಡಿಯ ಅಜ್ಜ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ನೂಲು ತೂರಿಸಿ ಮೆಲ್ಲಗೆ ಹಿಂದೆ ಮುಂದೆ ಸರಿಸಿದರು. ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ನಾದ ಅರಳಿತು. ಮೀಟಿದ್ದು ಒಂದೇ ತಂತಿ, ಆದರೆ ಒಳಗಿಂದ ಎಷ್ಟೋ ಸ್ವರ. "ಜವಾರಿ ಕೂತ್ಕೊಂತು" ಅಂದರು ಅಜ್ಜ.

ವಾಪಸ್ ಬಸ್ಸಲ್ಲಿ ಕೂತಾಗ ತಲೆಯಲ್ಲಿ ಏನೋ ಹೊಳೀತು. ತಂತಿ ಇಡಿಯಾಗಿ ಕಂಪಿಸುತ್ತೆ. ಅದೇ ಹೊತ್ತಿಗೆ ಎರಡು ಭಾಗವಾಗಿ, ಮೂರು ಭಾಗವಾಗಿಯೂ ಕಂಪಿಸುತ್ತೆ. ಎಲ್ಲ ಸೇರಿ ಆ ನಾದ. ಅದರಲ್ಲಿ ಯಾವ ಕಂಪನ ಎಷ್ಟಿದೆ? ಆ 'ಎಷ್ಟು' ಅನ್ನೋದೇ ಎ-ಎನ್, ಬಿ-ಎನ್! ಅಡುಗೆ ತಿಂದು, ಯಾವ ಮಸಾಲೆ ಎಷ್ಟು ಬಿದ್ದಿದೆ ಅಂತ ಹೇಳಿದ ಹಾಗೆ.

ಮನೆಗೆ ಬಂದು ಹುಡುಕಿದೆ. ತಂಬೂರಿ, ವೀಣೆಗಳ ಬಾಗಿದ ಕುದುರೆ ಈ ಕಂಪನಗಳನ್ನ ಹೇಗೆ ಶ್ರೀಮಂತಗೊಳಿಸುತ್ತೆ ಅಂತ ನಮ್ಮ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ. ಫೋರಿಯರ್ ಹೊರಟಿದ್ದು ಮಾತ್ರ ಸಂಗೀತದಿಂದಲ್ಲ, ಶಾಖದಿಂದ. ನಮ್ಮ ಕಡೆ ಬೆಲ್ಲದ ಗಾಣದಲ್ಲಿ ಕಬ್ಬಿಣದ ಸೌಟಿನ ತುದಿ ಕಾದರೆ, ಕೈ ಹಿಡಿದ ಕಡೆ ಬಿಸಿ ಯಾವಾಗ ಬರುತ್ತೆ? ಅಂಥ ಪ್ರಶ್ನೆಗೆ ಉತ್ತರವಾಗಿ ಅವರು 1807ರಲ್ಲಿ ತಮ್ಮ ಲೇಖನವನ್ನ ಪ್ಯಾರಿಸ್‌ನ ವಿದ್ವಾಂಸರ ಮುಂದಿಟ್ಟರು. ದೊಡ್ಡ ಗಣಿತಜ್ಞ ಲಗ್ರಾಂಜ್ ಒಪ್ಪಲಿಲ್ಲ. ಪುಸ್ತಕ ಹೊರಬಂದಿದ್ದು 1822ರಲ್ಲಿ. ಲಗ್ರಾಂಜ್‌ಗೇ ಗಂಟಲಲ್ಲಿ ಇಳಿಯದ್ದನ್ನ ನಾವು ಒಂದು ಪೀರಿಯಡ್‌ನಲ್ಲಿ ನುಂಗಬೇಕಿತ್ತು ನೋಡಿ!

ಆಫೀಸಿನಲ್ಲಿ ವರ್ಷಗಟ್ಟಲೆ ಫೋಟೋಗಳ ಸೈಜ್ ಕಮ್ಮಿ ಮಾಡೋ ಕೋಡ್ ಬರೆದವನು ನಾನು. ಜೆಪೆಗ್ ಫೋಟೋ ಒಳಗೆ ಚಿತ್ರವನ್ನ 8×8 ಚುಕ್ಕಿಗಳ ತುಂಡು ಮಾಡಿ, ಪ್ರತಿ ತುಂಡನ್ನೂ ಕೊಸೈನ್ ಅಲೆಗಳ ಮೊತ್ತವಾಗಿ ಬರೀತಾರೆ. ಕಣ್ಣಿಗೆ ಅಷ್ಟಾಗಿ ಕಾಣದ ಅಲೆಗಳನ್ನ ಕೈಬಿಡ್ತಾರೆ. ಅದೂ ಫೋರಿಯರ್‌ನ ವಂಶವೇ. ಸಂಬಳ ಕೊಡ್ತಿದ್ದ ಗಣಿತದ ಗುರುತೇ ನನಗೆ ಸಿಕ್ಕಿರಲಿಲ್ಲ.

ತಮ್ಮನಿಗೆ ಹೇಳಿದ್ದು ಇಷ್ಟು. ಸೂತ್ರ ಕಲಿಯೋ ಮುಂಚೆ ಅದು ಯಾವ ಪ್ರಶ್ನೆಗೆ ಉತ್ತರ ಅಂತ ಹುಡುಕು. ಕ್ಲಾಸಲ್ಲಿ ಸಿಗಲಿಲ್ಲವಾ, ಎನ್‌ಪಿಟಿಇಎಲ್ ವಿಡಿಯೋ ಫ್ರೀ ಇವೆ. ಮೊಬೈಲ್‌ನಲ್ಲೇ ಗ್ರಾಫ್ ಆ್ಯಪ್ ತೆಗೆದು ಒಂದು ಸೈನ್ ಅಲೆ ಹಾಕು, ಆಮೇಲೆ ಎರಡು, ಐದು, ಹತ್ತು ಸೇರಿಸ್ತಾ ಹೋಗು. ಬಾಗಿದ ಗೆರೆಗಳೆಲ್ಲ ಸೇರಿ ನೇರ ಗೆರೆ ಆಗೋದನ್ನ ಕಣ್ಣಾರೆ ನೋಡು. ಹಳೇ ಪೇಪರ್ ಬಿಡಿಸೋದನ್ನ ಮಾತ್ರ ಬಿಡಬೇಡ, ಪಾಸಂತೂ ಆಗಲೇಬೇಕು. ಕಲಿಸಿದ್ದು ಸರಿ ಇರಲಿಲ್ಲ ಅಂದ್ರೆ ನಿನ್ನ ತಲೆ ಸರಿ ಇಲ್ಲ ಅಂತ ಅರ್ಥ ಅಲ್ಲ. ಅವೆರಡೂ ಬೇರೆ ಬೇರೆ.

ಬುಧವಾರ ರಾತ್ರಿ ಹನ್ನೊಂದಕ್ಕೆ ಅವನಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಇಪ್ಪತ್ತು ಅಲೆ ಸೇರಿಸಿದ್ದಾನೆ. ಕೆಳಗೆ ಮೆಸೇಜು: "ಅಣ್ಣಾ, ಎಲ್ಲಾ ಕಡೆ ಸರಿ ಕೂತದ, ತುದಿಯೊಳಗ ಯಾಕ ಹಿಂಗ ಮ್ಯಾಲೆ ಜಿಗ್ಯಾಕತ್ತದ?"

ಆ ಜಿಗಿತಕ್ಕೊಂದು ಹೆಸರಿದೆ, ಗಿಬ್ಸ್ ವಿದ್ಯಮಾನ. ಎಷ್ಟು ಅಲೆ ಸೇರಿಸಿದರೂ ಅದು ಪೂರ್ತಿ ಹೋಗಲ್ಲ. ಉತ್ತರ ಟೈಪ್ ಮಾಡೋಕೆ ಶುರು ಮಾಡಿದವನು ಅಳಿಸಿಬಿಟ್ಟೆ. "ನೀನೇ ಹುಡುಕು, ನಾಳೆ ನನಗೆ ಹೇಳು" ಅಂತ ಬರೆದೆ.

ಪರೀಕ್ಷೆ ಮುಂದಿನ ತಿಂಗಳು. ಆದರೆ ಅವನು 'ಯಾಕೆ' ಅಂತ ಕೇಳಿದ್ದಾನೆ.