ಕಟ್ಟಡ ಹೊಸದಾಗಲಿ, ವಿಳಾಸ ಹಳೆಯದೇ ಇರಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗೆ ಇಂದಿನ ಅಗತ್ಯಕ್ಕೆ ತಕ್ಕ ಪೌರ ಕಚೇರಿಗಳು ಬೇಕು. ಆದರೆ ಅವು ಪೇಟೆ ಬಿಟ್ಟು ಹೋಗಬಾರದು

2023ರ ಸೆಪ್ಟೆಂಬರ್‌ನಲ್ಲಿ ರಾಮನಗರ ಒಂದು ದಿನ ಅಂಗಡಿ ಬಾಗಿಲು ಹಾಕಿ ಬಂದ್ ಆಚರಿಸಿತು. ತನಗೆ ಸಿಗಬೇಕಿದ್ದ ವೈದ್ಯಕೀಯ ಕಾಲೇಜು ಕನಕಪುರದ ಪಾಲಾಗುತ್ತಿದೆ ಎಂಬುದು ಊರಿನ ಸಿಟ್ಟಾಗಿತ್ತು. 2007ರಲ್ಲಿ ಜಿಲ್ಲೆಯಾದಾಗಿನಿಂದ ಇಲ್ಲಿ ಯಾವ ದೊಡ್ಡ ಕಟ್ಟಡ ಯಾವ ಊರಿಗೆ ಎಂಬುದು ಕಾವೇರುವ ಪ್ರಶ್ನೆಯೇ. ಆದರೆ ಖಾತೆಗೆ, ಕಂದಾಯಕ್ಕೆ, ನೀರಿನ ಸಂಪರ್ಕಕ್ಕೆ, ಜನನ–ಮರಣ ಪ್ರಮಾಣ ಪತ್ರಕ್ಕೆ ಎಲ್ಲ ಜಾತಿ, ಎಲ್ಲ ಬೀದಿಯ ಜನರೂ ಹೋಗಲೇಬೇಕಾದ ನಗರಸಭೆ ಕಚೇರಿ ಹೇಗಿರಬೇಕು, ಎಲ್ಲಿರಬೇಕು ಎಂಬ ಬಗ್ಗೆ ಇಷ್ಟು ಕಾವಿನಿಂದ ಚರ್ಚೆ ನಡೆಯುವುದಿಲ್ಲ. ಆ ಪ್ರಶ್ನೆ ಅಂದಾಜುಪಟ್ಟಿಯಿಂದ ಆರಂಭವಾಗಿ ಗುದ್ದಲಿ ಪೂಜೆಯ ಫೋಟೊದಲ್ಲಿ ಮುಗಿದುಹೋಗುತ್ತದೆ. ನಡುವೆ ಆಗಬೇಕಾದ ಮಾತುಕತೆಯೇ ಆಗುವುದಿಲ್ಲ.

2011ರ ಜನಗಣತಿಯಂತೆ ರಾಮನಗರದಲ್ಲಿ ಸುಮಾರು 95 ಸಾವಿರ, ಚನ್ನಪಟ್ಟಣದಲ್ಲಿ 72 ಸಾವಿರ, ಕನಕಪುರದಲ್ಲಿ 54 ಸಾವಿರ ಜನರಿದ್ದರು. ಮಾಗಡಿ 27 ಸಾವಿರ ದಾಟಿತ್ತು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಒತ್ತಡ ಮೈಸೂರು ರಸ್ತೆ, ಕನಕಪುರ ರಸ್ತೆ, ಮಾಗಡಿ ರಸ್ತೆ ಮೂರರಲ್ಲೂ ಹರಿದು ಬಂದಿದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ತೀರ್ಮಾನಿಸಿತು. ಬಡಾವಣೆಗಳು ಹೆಚ್ಚಿದಂತೆ ಸ್ಥಳೀಯ ಸಂಸ್ಥೆಯ ಕೆಲಸವೂ ಹೆಚ್ಚುತ್ತದೆ. ಪುರಸಭೆ ಕಾಯ್ದೆ ಬಂದ 1964ರಲ್ಲಿ ದೀಪ, ಚರಂಡಿ, ಸಂತೆ, ಸ್ಮಶಾನದ ಉಸ್ತುವಾರಿಗೆ ನಾಲ್ಕಾರು ಕೊಠಡಿಗಳು ಸಾಕಾಗುತ್ತಿದ್ದವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 12ನೇ ಪರಿಚ್ಛೇದದ ಮೂಲಕ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ಹೊಣೆಗಳನ್ನು ಪಟ್ಟಿ ಮಾಡಿತು. ಬಡತನ ನಿವಾರಣೆ, ಪರಿಸರ, ಆರೋಗ್ಯ, ನಗರ ಯೋಜನೆ ಎಲ್ಲವೂ ಅದರಲ್ಲಿವೆ. ಕೆಲಸ ಹಿಗ್ಗಿದ ಮೇಲೂ ಸಣ್ಣ ಊರುಗಳ ಕಚೇರಿಗಳು ಹಿಗ್ಗಲಿಲ್ಲ. ಕಾರಿಡಾರಿಗೆ ಅಲ್ಯೂಮಿನಿಯಂ ತಡಿಕೆ ಹಾಕಿ ಒಂದು ಶಾಖೆ, ಮಹಡಿ ಮೇಲೆ ಶೀಟು ಹೊದಿಸಿ ಇನ್ನೊಂದು ಶಾಖೆ ಎಂಬಂತೆ ತೇಪೆ ಹಚ್ಚುವುದೇ ರಾಜ್ಯದ ಬಹುತೇಕ ಪಟ್ಟಣಗಳ ರೂಢಿಯಾಗಿದೆ.

ಹಾಗಾಗಿ ಹೊಸ ಕಟ್ಟಡ ದುಂದುವೆಚ್ಚ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ ರಾಮನಗರ ಸೀಮೆಯವರೇ. ಕ್ಲೋಸ್‌ಪೇಟೆಗೆ ರಾಮನಗರ ಎಂಬ ಹೆಸರು ಬರಲು ಕಾರಣರಾದವರೂ ಅವರೇ. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದ ಆ ಕಟ್ಟಡದ ಖರ್ಚಿನ ಬಗ್ಗೆ ಹನುಮಂತಯ್ಯ ಕಟು ಟೀಕೆ ಎದುರಿಸಬೇಕಾಯಿತು. ಪ್ರಜೆಗಳ ಆಡಳಿತಕ್ಕೆ ಅರಮನೆಯ ಘನತೆಗೆ ಕಡಿಮೆಯಿಲ್ಲದ ಮನೆ ಬೇಕು ಎಂಬ ಅವರ ನಿಲುವನ್ನು ಇಂದು ಯಾರೂ ಪ್ರಶ್ನಿಸುವುದಿಲ್ಲ. ವಿಧಾನಸೌಧಕ್ಕೆ ಸಲ್ಲುವ ಘನತೆ ಊರಿನ ನಗರಸಭೆಗೂ ಸಲ್ಲಬೇಕು. ಪಿಂಚಣಿ ಪತ್ರ ಹಿಡಿದು ಬಂದ ವೃದ್ಧೆಗೆ ಕೂರಲು ಜಾಗವಿಲ್ಲದ, ಮಹಿಳಾ ಸಿಬ್ಬಂದಿಗೆ ಸರಿಯಾದ ಶೌಚಾಲಯವಿಲ್ಲದ, ಪೌರಕಾರ್ಮಿಕರು ಹಾಜರಿ ಹಾಕಲು ಬೀದಿಯಲ್ಲಿ ನಿಲ್ಲಬೇಕಾದ ಕಚೇರಿ ಎಲ್ಲೇ ಇದ್ದರೂ ಅದು ಪ್ರಜಾಪ್ರಭುತ್ವದ ಕಚೇರಿ ಎನಿಸಿಕೊಳ್ಳಲಾರದು.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲವನ್ನೂ, ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾರ್ಪಡಿಸಬೇಕು ಎಂದು ಅದು ಹೇಳುತ್ತದೆ. ನಿಯಮಗಳು 2017ರಲ್ಲಿ ಬಂದವು, ಗಡುವು ಮುಗಿದು ವರ್ಷಗಳಾದವು. ಕಂದಾಯ ಶಾಖೆ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದ ಪ್ರತಿ ಪೌರ ಕಚೇರಿಯೂ ಈ ಕಾನೂನನ್ನು ಮುರಿಯುತ್ತಿದೆ.

ಕಟ್ಟುವುದನ್ನು ಮುಂದೂಡುತ್ತಾ ಹೋದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರನ್ನು ನೋಡಿದರೆ ಸಾಕು. ಪಾಲಿಕೆಯ ಆಸ್ತಿಯಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಬಳಿಕ, ಅದೇ ಆಗಸ್ಟ್ ತಿಂಗಳಲ್ಲಿ ಎದುರಿನ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಕುಸಿಯಿತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಅಷ್ಟೂ ಕಾಲ ವ್ಯಾಪಾರಿಗಳು ಅನಿಶ್ಚಿತತೆಯಲ್ಲೇ ಅಂಗಡಿ ತೆರೆದರು. ಮೈಸೂರಿಗೆ ತಜ್ಞರ, ಪರಂಪರೆ ಪ್ರಿಯರ, ಮಾಧ್ಯಮಗಳ ಕಣ್ಗಾವಲು ಇದೆ. ಮಾಗಡಿ, ಕನಕಪುರದಂಥ ಊರುಗಳಿಗೆ ಆ ಭಾಗ್ಯವೂ ಇಲ್ಲ. ಆದ್ದರಿಂದ ಮೊದಲ ಹೆಜ್ಜೆಯಾಗಿ ನಾಲ್ಕೂ ಊರುಗಳ ಪೌರ ಕಟ್ಟಡಗಳ ದೃಢತೆಯನ್ನು ಎಂಜಿನಿಯರಿಂಗ್ ಕಾಲೇಜೊಂದರ ಸಿವಿಲ್ ವಿಭಾಗದಿಂದ ಪರೀಕ್ಷೆ ಮಾಡಿಸಿ, ವರದಿಯನ್ನು ಕನ್ನಡದಲ್ಲಿ ಕಚೇರಿಯ ಗೋಡೆಗೇ ಅಂಟಿಸಬೇಕು. ದುರಸ್ತಿ ಮಾಡಿದರೆ ಬಾಳಿಕೆ ಬರುವ ಕಟ್ಟಡವನ್ನು ಕೆಡವುವುದು ತಪ್ಪು. ಬಾಳಿಕೆ ಮುಗಿದ ಕಟ್ಟಡಕ್ಕೆ ವರ್ಷ ವರ್ಷ ಸುಣ್ಣ ಬಳಿಯುವುದು ಅದಕ್ಕಿಂತ ದೊಡ್ಡ ತಪ್ಪು.

ಕಟ್ಟುವುದು ಖಚಿತವಾದ ಮೇಲೆ ಎದುರಾಗುವ ಅಸಲಿ ಪ್ರಶ್ನೆ ಜಾಗದ್ದು. ಹಳೆಯ ಜಾಗ ಇಕ್ಕಟ್ಟಾಗಿದೆ, ವಾಹನ ನಿಲುಗಡೆಗೆ ಅವಕಾಶವಿಲ್ಲ, ಊರ ಹೊರಗೆ ಎರಡು ಎಕರೆ ಸರ್ಕಾರಿ ಜಮೀನಿದೆ, ಅಲ್ಲಿಗೆ ಹೋಗೋಣ ಎಂಬ ಸಲಹೆ ಇಂಥ ಪ್ರತಿ ಚರ್ಚೆಯಲ್ಲೂ ಬರುತ್ತದೆ. ಕಾರಿನಲ್ಲಿ ಬರುವವರಿಗೆ ಅದು ಅನುಕೂಲವೇ. ನಗರಸಭೆಗೆ ಬರುವವರಲ್ಲಿ ಹೆಚ್ಚಿನವರು ಕಾರಿನಲ್ಲಿ ಬರುವುದಿಲ್ಲ. ರಾಮನಗರದ ರೇಷ್ಮೆ ರೀಲಿಂಗ್ ಘಟಕದ ಕೆಲಸಗಾರ, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಚ್ಚುವ ಹೆಣ್ಣುಮಗಳು, ಬೀದಿ ಬದಿ ಹಣ್ಣು ಮಾರುವವರು ದಿನದ ಕೂಲಿ ಬಿಟ್ಟು ಬರುತ್ತಾರೆ. ಪೇಟೆಯಲ್ಲಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಊರಾಚೆ ಹೋದರೆ ಅರ್ಧ ದಿನ ತಿನ್ನುತ್ತದೆ. ಆಟೊ ಬಾಡಿಗೆ ಬೇರೆ. ಅಷ್ಟೆಲ್ಲ ಕಷ್ಟ ಬೇಡವೆಂದು ಜನ ಮಧ್ಯವರ್ತಿಯ ಕೈಗೆ ಕಾಗದ ಕೊಡುತ್ತಾರೆ. ಕಚೇರಿ ದೂರವಾದಷ್ಟೂ ದಲ್ಲಾಳಿ ಹತ್ತಿರವಾಗುತ್ತಾನೆ.

ರಸ್ತೆಯೊಂದು ಊರಿನ ಮಗ್ಗುಲಿಗೆ ಸರಿದರೆ ಏನಾಗುತ್ತದೆ ಎಂಬುದನ್ನು ರಾಮನಗರ ಮತ್ತು ಚನ್ನಪಟ್ಟಣ ಈಚೆಗಷ್ಟೇ ಅನುಭವಿಸಿವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈ ಎರಡೂ ಊರುಗಳನ್ನು ಬಳಸಿ ಹೋಗುತ್ತದೆ. ಪ್ರಯಾಣ ಬೇಗ ಮುಗಿಯುತ್ತದೆ, ನಿಜ. ಹಳೆಯ ಹೆದ್ದಾರಿಯ ಹೋಟೆಲು, ಬೊಂಬೆ ಅಂಗಡಿಗಳ ವ್ಯಾಪಾರ ಮಾತ್ರ ಬಿದ್ದುಹೋಯಿತು. ಈಗ ಊರಿನ ನಡುವೆ ಉಳಿದ ಜನಸಂಚಾರದಲ್ಲಿ ಸರ್ಕಾರಿ ಕಚೇರಿಗಳ ಪಾಲೂ ಇದೆ. ನಗರಸಭೆಗೆಂದು ಬಂದವರು ಪಕ್ಕದಲ್ಲೇ ಜೆರಾಕ್ಸ್ ಮಾಡಿಸುತ್ತಾರೆ, ಕಾಫಿ ಕುಡಿಯುತ್ತಾರೆ, ಸಂತೆ ಮುಗಿಸಿಕೊಂಡು ಹೋಗುತ್ತಾರೆ. ಅದನ್ನೂ ಕಿತ್ತು ಹೊರಗಿಟ್ಟರೆ ಹಳೆಯ ಪೇಟೆಗೆ ಎರಡನೇ ಪೆಟ್ಟು. ಜಿಲ್ಲಾ ಕೇಂದ್ರಕ್ಕೆ ದೊಡ್ಡ ಕಚೇರಿ ಸಂಕೀರ್ಣ ಬೇಕಾಗಬಹುದು, ಅದು ಇಡೀ ಜಿಲ್ಲೆಯವರಿಗಾಗಿ ಇರುವುದು. ನಗರಸಭೆ ಆ ಊರಿನದು, ನಡೆದು ಹೋಗುವಷ್ಟು ದೂರದಲ್ಲೇ ಇರಬೇಕು.

ಇಕ್ಕಟ್ಟಿಗೆ ಪರಿಹಾರವಿದೆ. ಕಂದಾಯ, ಖಾತೆ, ಜನನ–ಮರಣ ನೋಂದಣಿ, ದೂರು ಸ್ವೀಕಾರ, ಸಭಾಂಗಣ ಇವು ಪೇಟೆಯ ಜಾಗದಲ್ಲೇ ಇರಲಿ. ಕಸದ ವಾಹನಗಳು, ಪೈಪು, ಬೀದಿದೀಪದ ಸಾಮಗ್ರಿ, ಜಪ್ತಿ ಮಾಡಿದ ವಸ್ತುಗಳ ಗೋದಾಮು ಹೊರಗೆ ಹೋಗಲಿ. ಆಗ ಸಾಕಷ್ಟು ಜಾಗ ತಾನಾಗಿ ತೆರವಾಗುತ್ತದೆ.

ಈ ಬಗೆಯ ಯೋಚನೆಗೆ ಹೊರಗಿನ ಒಳ್ಳೆಯ ಮಾದರಿಯೊಂದಿದೆ. ಫಿನ್ಲೆಂಡಿನ ಸೈನಾತ್ಸಲೊ ಎಂಬ ದ್ವೀಪದ ಊರಿನಲ್ಲಿ ಇದ್ದದ್ದು ಮೂರು ಸಾವಿರದಷ್ಟು ಜನ. ಅದಕ್ಕೆಂದು ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ರೂಪಿಸಿದ ಪುರಭವನ 1952ರಲ್ಲಿ ಸಿದ್ಧವಾಯಿತು. ಒಂದು ಅಂಗಳದ ಸುತ್ತ ಕಚೇರಿ, ಗ್ರಂಥಾಲಯ, ಎತ್ತರದಲ್ಲಿ ಸಭಾಂಗಣ, ಕೆಳಗೆ ಅಂಗಡಿಗಳು. ಊರು ಬೆಳೆದಾಗ ಅಂಗಡಿಗಳನ್ನೇ ಕಚೇರಿಯಾಗಿ ಬದಲಿಸಿಕೊಳ್ಳುವಂತೆ ಯೋಜಿಸಲಾಗಿತ್ತು. 1993ರಲ್ಲಿ ಆ ಊರು ನೆರೆಯ ದೊಡ್ಡ ನಗರದಲ್ಲಿ ವಿಲೀನವಾಯಿತು. ಕಟ್ಟಡ ಈಗಲೂ ಇದೆ, ಪ್ರಪಂಚದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಅದನ್ನು ನೋಡಲು ಹೋಗುತ್ತಾರೆ. ಬೆಂಗಳೂರಿನ ಗಡಿ ನಾಳೆ ಎಲ್ಲಿಗೆ ಬಂದು ನಿಲ್ಲುತ್ತದೆಯೋ ಎಂಬ ಆತಂಕದಲ್ಲಿರುವ ನಮ್ಮ ಊರುಗಳಿಗೆ ಈ ಕಥೆ ಹತ್ತಿರದ್ದು. ಆಡಳಿತದ ಗಡಿ ಬದಲಾದರೂ ಊರಿಗೆ ಉಪಯೋಗಕ್ಕೆ ಬರುವಂತೆ ಕಟ್ಟಬೇಕು.

ಜಾಗದ ನಂತರ ಮುಖ್ಯವಾದದ್ದು ದಾಖಲೆ ಕೊಠಡಿ. ಹೊಸ ಕಟ್ಟಡದ ನಕ್ಷೆಯಲ್ಲಿ ಅಧ್ಯಕ್ಷರ ಕೊಠಡಿ, ಪೌರಾಯುಕ್ತರ ಕೊಠಡಿ ದೊಡ್ಡದಾಗಿ ಕಾಣುತ್ತವೆ. ಹಳೆಯ ಡಿಮ್ಯಾಂಡ್ ರಿಜಿಸ್ಟರು, ನಕ್ಷೆ, ಸಭೆಯ ನಡಾವಳಿ ಇಡುವ ಜಾಗ ಮೆಟ್ಟಿಲ ಕೆಳಗಿನ ಕತ್ತಲೆಗೆ ಬೀಳುತ್ತದೆ. 2024ರಿಂದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. 2025ರ ಫೆಬ್ರುವರಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಬಿ-ಖಾತೆ ಅಭಿಯಾನವೂ ಆರಂಭವಾಯಿತು. ಕಂಪ್ಯೂಟರಿಗೆ ಏರಿಸುವ ಪ್ರತಿ ಸಾಲಿನ ಹಿಂದೆ ಒಂದು ಹಳೆಯ ಪುಸ್ತಕದ ಪುಟ ಇರುತ್ತದೆ. ಆ ಪುಟ ಗೆದ್ದಲಿಗೋ ಮಳೆಗೋ ಸಿಕ್ಕರೆ ಒಂದು ಕುಟುಂಬದ ಮನೆಯ ಹಕ್ಕೇ ವ್ಯಾಜ್ಯವಾಗುತ್ತದೆ. ಬೆಂಕಿಯ ಅಪಾಯವೂ ಕಲ್ಪನೆಯದಲ್ಲ. 2023ರ ಆಗಸ್ಟ್ 11ರಂದು ಬೆಂಗಳೂರಿನ ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪ್ರಯೋಗಾಲಯದಲ್ಲಿ ಬೆಂಕಿ ಹೊತ್ತಿ ಒಂಬತ್ತು ಸಿಬ್ಬಂದಿ ಗಾಯಗೊಂಡರು, ಬಳಿಕ ಹಿರಿಯ ಎಂಜಿನಿಯರೊಬ್ಬರು ಪ್ರಾಣ ಕಳೆದುಕೊಂಡರು. ರಾಜಧಾನಿಯ ಪಾಲಿಕೆ ಅಂಗಳದಲ್ಲೇ ಹೀಗಾದರೆ ಸಣ್ಣ ಊರಿನ ಕಚೇರಿಯ ಸ್ಥಿತಿ ಊಹಿಸಬಹುದು. ಹಳೆಯ ಕಟ್ಟಡದಿಂದ ಒಂದು ಕುರ್ಚಿ ಹೊರಬೀಳುವ ಮೊದಲು ಎಲ್ಲ ದಾಖಲೆಗಳ ಪಟ್ಟಿಯಾಗಬೇಕು, ಸ್ಕ್ಯಾನ್ ಆಗಬೇಕು. ಕಚೇರಿ ಸ್ಥಳಾಂತರದ ಗಲಾಟೆಯಲ್ಲಿ ‘ಕಡತ ಕಳೆದುಹೋಗಿದೆ’ ಎಂಬ ಹಿಂಬರಹಕ್ಕೆ ಅವಕಾಶವೇ ಇರಬಾರದು.

ಇದೇ ಎಚ್ಚರ ನೀರಿನ ಬಗ್ಗೆಯೂ ಬೇಕು. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಭಕ್ಷಿ ಕೆರೆಯ ನೀರು ಬಡಾವಣೆಗಳಿಗೆ ನುಗ್ಗಿತು. ರೇಷ್ಮೆ ರೀಲಿಂಗ್ ಘಟಕಗಳು ನೀರಲ್ಲಿ ನಿಂತವು, ಹೆದ್ದಾರಿ ಮೇಲೆ ವಾಹನಗಳು ಮುಳುಗಿದವು. ಅಂಥ ರಾತ್ರಿ ಊರಿನವರು ಮೊದಲು ಕರೆ ಮಾಡುವುದು ನಗರಸಭೆಗೆ. ವಿದ್ಯುತ್ ಹೋದರೂ ಬೆಳಕಿರುವ, ನೆರೆ ಬಂದರೂ ಮುಳುಗದ, ನೂರಾರು ಜನರನ್ನು ಒಂದು ರಾತ್ರಿ ಇರಿಸಿಕೊಳ್ಳಬಲ್ಲ ಕಟ್ಟಡ ಅದಾಗಬೇಕು. ಜಾಗ ಆರಿಸುವಾಗ ಅರ್ಕಾವತಿ ನದಿಯ ಪಾತ್ರ, ಕೆರೆ ಕೋಡಿ, ರಾಜಕಾಲುವೆಗಳ ನಕ್ಷೆ ಮೇಜಿನ ಮೇಲಿರಲಿ.

ಇನ್ನು ಸಭಾಂಗಣ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದೆ. ನಮ್ಮ ನಾಲ್ಕೂ ಊರುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಊರಿನ ತೀರ್ಮಾನಗಳನ್ನು ಕಣ್ಣಾರೆ ಕಾಣಲು ಜನರಿಗಿರುವ ಸ್ಥಳ ನಗರಸಭೆ ಅಥವಾ ಪುರಸಭೆಯ ಸಾಮಾನ್ಯ ಸಭೆಯೊಂದೇ. ಅಲ್ಲಿ ಸದಸ್ಯರಿಗೆ, ಅಧಿಕಾರಿಗಳಿಗೆ ಕುರ್ಚಿ ಹಾಕಿದ ಮೇಲೆ ಸಾರ್ವಜನಿಕರು ಕೂರಲು ಜಾಗವೇ ಉಳಿಯದಿದ್ದರೆ ಬಜೆಟ್ ಮಂಡನೆಯೂ ಖಾಸಗಿ ಕಾರ್ಯಕ್ರಮವಾಗುತ್ತದೆ. ಹೊಸ ಸಭಾಂಗಣದಲ್ಲಿ ನೂರು ನಾಗರಿಕರಿಗಾದರೂ ಆಸನವಿರಲಿ, ಸಭೆ ಇಲ್ಲದ ದಿನ ಅದು ಶಾಲಾ ನಾಟಕಕ್ಕೆ, ಮಹಿಳಾ ಸಂಘದ ಸಭೆಗೆ ಸಿಗಲಿ.

ಹಣ ಎಲ್ಲಿಂದ? ಹಣಕಾಸು ಆಯೋಗದ ಅನುದಾನದ ದೊಡ್ಡ ಪಾಲು ಕುಡಿಯುವ ನೀರು, ನೈರ್ಮಲ್ಯಕ್ಕೆ ಮೀಸಲು, ಅದನ್ನು ಮುಟ್ಟುವುದು ಸಲ್ಲದು. ರಾಜ್ಯ ಸರ್ಕಾರದ ನಗರಾಭಿವೃದ್ಧಿ ಯೋಜನೆಗಳ ನೆರವು, ಆಸ್ತಿ ತೆರಿಗೆ ಬಾಕಿಯ ವಸೂಲಿ, ನೆಲಮಹಡಿ ಮಳಿಗೆಗಳ ಪಾರದರ್ಶಕ ಹರಾಜು ಇವೇ ದಾರಿ. ಮಳಿಗೆ ಬಾಡಿಗೆ ಮಾರುಕಟ್ಟೆ ದರಕ್ಕೆ ತಕ್ಕಂತಿದ್ದು ಸರಿಯಾಗಿ ವಸೂಲಾದರೆ ಕಟ್ಟಡದ ನಿರ್ವಹಣೆಗೆ ಸರ್ಕಾರದ ಮುಂದೆ ಕೈಯೊಡ್ಡಬೇಕಿಲ್ಲ. ನಿರ್ವಹಣೆಗೆ ಪ್ರತ್ಯೇಕ ಖಾತೆ ತೆರೆಯದೆ ಕಟ್ಟಿದ ಕಟ್ಟಡ ಇಪ್ಪತ್ತು ವರ್ಷಕ್ಕೇ ಮುದಿಯಾಗುತ್ತದೆ.

ಕೊನೆಯದಾಗಿ, ಇದನ್ನು ತೀರ್ಮಾನಿಸಬೇಕಾದವರು ಯಾರು? ಅಧ್ಯಕ್ಷ–ಉಪಾಧ್ಯಕ್ಷರ ಮೀಸಲಾತಿ ತಕರಾರು, ಚುನಾವಣೆಯ ವಿಳಂಬದಿಂದಾಗಿ ನಮ್ಮ ಸ್ಥಳೀಯ ಸಂಸ್ಥೆಗಳು ಆಗಾಗ ಆಡಳಿತಾಧಿಕಾರಿಗಳ ಕೈಗೆ ಹೋಗುತ್ತವೆ. ಐವತ್ತು ವರ್ಷ ಬಾಳಬೇಕಾದ ಕಟ್ಟಡದ ಜಾಗವನ್ನು ಅಂಥ ಅವಧಿಯಲ್ಲಿ ಗೊತ್ತುಮಾಡಬಾರದು. ಚುನಾಯಿತ ಸಭೆಯ ಮುಂದೆ ದೃಢತೆಯ ವರದಿ, ಪರ್ಯಾಯ ಜಾಗಗಳ ಹೋಲಿಕೆ, ನಿರ್ವಹಣಾ ವೆಚ್ಚದ ಲೆಕ್ಕ ಬರಬೇಕು. ಅವನ್ನು ತಿಂಗಳು ಮೊದಲೇ ಜನರ ಮುಂದಿಟ್ಟು ಆಕ್ಷೇಪಣೆ ಆಹ್ವಾನಿಸಬೇಕು. ಆಮೇಲಷ್ಟೇ ಟೆಂಡರ್. ಕಾಲೇಜಿಗಾಗಿ ಬೀದಿಗಿಳಿದ ಊರು ಈ ಲೆಕ್ಕಪತ್ರಗಳನ್ನೂ ಅಷ್ಟೇ ಗಟ್ಟಿ ದನಿಯಲ್ಲಿ ಕೇಳಬೇಕು. ಕೇಳದಿದ್ದರೆ ಎಲ್ಲಿ ಸರ್ಕಾರಿ ಜಮೀನು ಸುಲಭಕ್ಕೆ ಸಿಕ್ಕಿತೋ ಅಲ್ಲಿ ಕಟ್ಟಡ ಏಳುತ್ತದೆ, ಆ ದೂರದ ಸುಂಕವನ್ನು ಮುಂದಿನ ಎರಡು ತಲೆಮಾರಿನ ಬಡವರು ತೆರುತ್ತಾರೆ.