ಕ್ಯಾಮೆರಾ ಕೈಗಳನ್ನು ನೋಡಲಿ

ಸಾಧಕಿಯರ ಕುರಿತ ಸಾಕ್ಷ್ಯಚಿತ್ರಗಳಲ್ಲಿ ಒಂದು ದೋಷ ಪದೇ ಪದೇ ಕಾಣಿಸುತ್ತದೆ. ಹಾರ, ಸನ್ಮಾನ, ಗಣ್ಯರ ಪ್ರಶಂಸೆ ಎಲ್ಲವೂ ಇರುತ್ತವೆ. ಆಕೆಯ ದುಡಿಮೆ ಮಾತ್ರ ಇರುವುದಿಲ್ಲ. ಮನೆಯನ್ನೂ ಕಲೆಯನ್ನೂ ಹೇಗೆ ನಿಭಾಯಿಸಿದಿರಿ ಎಂದು ಕಲಾವಿದೆಯನ್ನು ಪ್ರಶ್ನಿಸುವವರು, ಆಕೆ ಸಮಾಜಕ್ಕೆ ಹೇಳಿದ್ದೇನು ಎಂಬುದನ್ನು ಕೇಳುವುದಿಲ್ಲ.

ಕರ್ನಾಟಕದ ಶೀಲಾ ಗೌಡರನ್ನೇ ತೆಗೆದುಕೊಳ್ಳೋಣ. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಅವರು ಬೆಂಗಳೂರಿನ ಕೆನ್ ಕಲಾಶಾಲೆ ಹಾಗೂ ಶಾಂತಿನಿಕೇತನದಲ್ಲಿ ಕಲಿತು, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಧ್ವಂಸವಾಯಿತು. ಮುಂಬೈ ಹೊತ್ತಿ ಉರಿಯಿತು. ಆ ಹಿಂಸೆಯ ದಿನಗಳಲ್ಲಿ ಅವರು ಬಣ್ಣದ ಜೊತೆಗೆ ಸೆಗಣಿಯನ್ನೂ ಕಲೆಯ ಮಾಧ್ಯಮವಾಗಿಸಿಕೊಂಡರು. ಪವಿತ್ರವೆಂದು ಪೂಜಿಸಲ್ಪಡುವ, ಬಡ ಹೆಂಗಸರ ಕೈಗಳು ನಿತ್ಯ ಬೆರಣಿ ತಟ್ಟುವ ವಸ್ತುವದು. ಮುಂದೆ ಸೂಜಿಗಳಲ್ಲಿ ಪೋಣಿಸಿದ ದಾರಕ್ಕೆ ಕುಂಕುಮ ಬಳಿದು ನೋವಿನ ಮಾತನ್ನು ಹೇಳಿದರು. 2009ರ ವೆನಿಸ್ ಪ್ರದರ್ಶನದಲ್ಲಿ ಮನುಷ್ಯರ ಕೂದಲಿನ ಹಗ್ಗದಿಂದ ವಾಹನಗಳ ಬಂಪರ್‌ಗಳನ್ನು ತೂಗುಹಾಕಿದರು. 2019ರಲ್ಲಿ ಮರಿಯಾ ಲಾಸ್ನಿಗ್ ಪ್ರಶಸ್ತಿ ಅವರಿಗೆ ಸಂದಿತು.

ಸಾರ್ವಜನಿಕ ಬದುಕೆಂದರೆ ವೇದಿಕೆಯೇರುವುದಷ್ಟೇ ಅಲ್ಲ. ನೆರೆಯವನ ಮನೆ ಉರಿಯುವಾಗ ತನ್ನ ಕಸುಬಿನ ಮೂಲಕ ಮಾತನಾಡುವುದೂ ಸಾರ್ವಜನಿಕ ಬದುಕೇ. ಇಂತಹವರ ಸಾಕ್ಷ್ಯಚಿತ್ರ ತೆಗೆಯುವವರು ಪ್ರಶಸ್ತಿಪತ್ರವನ್ನಲ್ಲ, ದಾರ ಪೋಣಿಸುವ ಬೆರಳುಗಳನ್ನು ತೋರಿಸಬೇಕು.

ಈ ಮಾತು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮ್ಮ ಮನೆಗಳಿಗೂ ಸಂಬಂಧಿಸಿದ್ದು. ಮದುವೆಯ ಮೆಹಂದಿಗೆ, ದುಪಟ್ಟಾದ ಕಸೂತಿಗೆ ನಮ್ಮ ಹೆಣ್ಮಕ್ಕಳ ಕೈಚಳಕ ಬೇಕು. ಅದನ್ನೇ ಕಲಿಕೆಯಾಗಿ, ವೃತ್ತಿಯಾಗಿ ಮುಂದುವರಿಸುತ್ತೇನೆಂದರೆ ಎಷ್ಟು ಹೆತ್ತವರು ಒಪ್ಪುತ್ತಾರೆ? ಕಾವಾ ಎಂದೇ ಪರಿಚಿತವಾದ ದೃಶ್ಯಕಲಾ ಕಾಲೇಜು ಇರುವುದು ದೂರದ ದಿಲ್ಲಿಯಲ್ಲಲ್ಲ, ಮೈಸೂರಿನಲ್ಲಿ.

ಜೀವಿಗಳ ಚಿತ್ರದ ಬಗ್ಗೆ ಆಕ್ಷೇಪವಿರುವವರು ಇದ್ದಾರೆ. ಆದರೆ ಕಲೆಯ ದಾರಿ ಅಲ್ಲಿಗೇ ಮುಚ್ಚುವುದಿಲ್ಲ. ಅಕ್ಷರಕಲೆಯ, ಬಳ್ಳಿವಿನ್ಯಾಸದ ಭವ್ಯ ಪರಂಪರೆ ಮುಸ್ಲಿಮ್ ಸಮಾಜಕ್ಕಿದೆ. 1937ರಲ್ಲಿ ಕರಾಚಿಯಲ್ಲಿ ಜನಿಸಿ, ಬರೋಡಾದಲ್ಲಿ ಕಲೆ ಕಲಿಸಿ, 1990ರಲ್ಲಿ ನಿಧನರಾದ ನಸ್ರೀನ್ ಮೊಹಮದಿ ಬರೇ ಗೆರೆಗಳಿಂದಲೇ ಜಗತ್ತಿನ ಗಮನ ಸೆಳೆದರು.

ನಾಳೆ ನಮ್ಮ ತಾಲೂಕುಗಳ ಒಬ್ಬ ಕಲಾವಿದೆಯ ಕುರಿತು ಸಾಕ್ಷ್ಯಚಿತ್ರ ಬರಬೇಕಾದರೆ, ಇಂದು ಆಕೆಯ ಕೈಯಿಂದ ಪೆನ್ಸಿಲ್ ಕಸಿದುಕೊಳ್ಳದಿರೋಣ. ಆಕೆಯ ಕಲಿಕೆಯ ಖರ್ಚನ್ನೂ ಮನೆಯ ಖರ್ಚಿನಲ್ಲಿ ಸೇರಿಸೋಣ.